ಊರಳಿವಿನ ಮರುದಿನ

(ಬಾನುಲಿ ಭಾಷಣದ ಲಿಖಿತ ರೂಪ)

ನಮ್ಮ ಹಳೆಯ ಶಾಸನಗಳಲ್ಲಿ ‘ಊರಳಿವು’ ಎಂಬ ಪದವೊಂದು ಬರುತ್ತದೆ. ಹಗೆಗಳು ನುಗ್ಗಿ ಊರಿಗೆ ಊರನ್ನೇ ಹಾಳುಗೆಡವಿದ ಪ್ರಸಂಗಕ್ಕೆ ಅಂದಿನವರು ಇಟ್ಟ ಹೆಸರು ಅದು. ‘ತುರುಗೊಳ್’ ಎಂದರೆ ದನಕರುಗಳನ್ನು ಅಟ್ಟಿಕೊಂಡು ಹೋದದ್ದು. ‘ಪೆಣ್ಬುಯ್ಯಲ್’ ಎಂದರೆ ಹೆಂಗಸರ ಮೊರೆ ಎದ್ದದ್ದು. ಇವುಗಳ ಸಾಲಿನಲ್ಲಿಯೇ ಊರಳಿವೂ ನಿಲ್ಲುತ್ತದೆ. ಪದ ಹಳೆಯದಾಯಿತು, ಆದರೆ ಅದು ಸೂಚಿಸುವ ಸಂಗತಿ ಹಳೆಯದಾಗಲಿಲ್ಲ. ಹಗೆಯ ಜಾಗದಲ್ಲಿ ಈಗ ನೆರೆ ಬರುತ್ತದೆ, ಗುಡ್ಡ ಜರಿಯುತ್ತದೆ, ಅಣೆಕಟ್ಟಿನ ಹಿನ್ನೀರು ಏರುತ್ತದೆ. ಊರು ಅಳಿಯುತ್ತದೆ.

ಊರಳಿದ ಮರುದಿನ ಮನುಷ್ಯನಿಗೆ ಏನು ಬೇಕು? ಅಕ್ಕಿ ಬೇಕು, ಸೂರು ಬೇಕು, ಔಷಧ ಬೇಕು. ಇದರಲ್ಲಿ ಯಾರಿಗೂ ಸಂದೇಹವಿಲ್ಲ. ಆದರೆ ಇವೆಲ್ಲ ಒದಗಿದ ಮೇಲೂ ಏನೋ ಒಂದು ಉಳಿಯುತ್ತದೆ. ಅದನ್ನು ತುಂಬಿಕೊಡುವ ಶಕ್ತಿ ಕಲೆಗೆ ಇದೆಯೆ? ಗೋಡೆಯೊಳಗಿನ ಚಿತ್ರವಲ್ಲ, ಗ್ರಂಥಾಲಯದ ಪುಸ್ತಕವಲ್ಲ. ದಾರಿಯ ಬದಿಯಲ್ಲಿ, ಹೊಳೆಯ ದಂಡೆಯಲ್ಲಿ, ಊರ ಬಯಲಿನಲ್ಲಿ ಎಲ್ಲರ ಸೊತ್ತಾಗಿ ನಿಲ್ಲುವ ಕಲೆಗೆ? ಈ ಪ್ರಶ್ನೆಯನ್ನು ನಾನು ಹುಟ್ಟಿ ಬೆಳೆದ ಸೀಮೆಯಾದ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳನ್ನು ಮುಂದಿಟ್ಟುಕೊಂಡು ವಿಚಾರಮಾಡಬೇಕೆಂಬುದು ಇಂದಿನ ನನ್ನ ಉದ್ದೇಶ.

ನಮ್ಮ ಮನೆಯ ಅಡಕೆ ತೋಟದ ಅಂಚಿನಲ್ಲಿ, ಹಳ್ಳ ತಿರುಗುವ ಎಡೆಯಲ್ಲಿ, ಒಂದು ವೀರಗಲ್ಲು ಇತ್ತು, ಈಗಲೂ ಇದೆ. ಪಾಚಿ ಹಿಡಿದು ಅರ್ಧ ಮಣ್ಣಿನಲ್ಲಿ ಹೂತ ಕಲ್ಲು. ಅದು ಯಾರದೆಂದು ಯಾರಿಗೂ ತಿಳಿಯದು. ಅಕ್ಷರಗಳಿದ್ದಿದ್ದರೆ ಮಳೆ ಎಂದೋ ಅಳಿಸಿಹಾಕಿರಬೇಕು. ಆದರೂ ನನ್ನ ಅಜ್ಜಿ ತೋಟಕ್ಕೆ ಹೋದಾಗಲೆಲ್ಲ ಒಂದು ದಾಸವಾಳವನ್ನೋ ಕೇಪಳದ ಗೊಂಚಲನ್ನೋ ಅದರ ತಲೆಯ ಮೇಲೆ ಇರಿಸಿ ಮುಂದೆ ಹೋಗುತ್ತಿದ್ದಳು. ‘ಯಾರೋ ನಮಗಾಗಿ ಸತ್ತವನು’ ಎನ್ನುತ್ತಿದ್ದಳು. ಹೆಸರು ಅಳಿದ ಮೇಲೂ ಆ ‘ನಮಗಾಗಿ’ ಎಂಬುದು ಅಳಿದಿರಲಿಲ್ಲ.

ವೀರಗಲ್ಲಿನ ರಚನೆಯನ್ನು ಸ್ವಲ್ಪ ಗಮನಿಸಬೇಕು. ಸಾಮಾನ್ಯವಾಗಿ ಅದರಲ್ಲಿ ಮೂರು ಅಂತಸ್ತುಗಳಿರುತ್ತವೆ. ಕೆಳಗಿನದರಲ್ಲಿ ಹೋರಾಟ: ಬಿಲ್ಲು, ಕತ್ತಿ, ಕುದುರೆ, ಕೆಲವೊಮ್ಮೆ ಹಿಂದೆ ನಿಂತ ಹಸುಗಳ ಸಾಲು. ನಡುವಿನದರಲ್ಲಿ ಸತ್ತ ವೀರನನ್ನು ಅಪ್ಸರೆಯರು ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಾರೆ. ಮೇಲಿನದರಲ್ಲಿ ಅವನು ಶಿವಲಿಂಗದ ಮುಂದೆಯೋ, ಜೈನನಾದರೆ ಜಿನನ ಮುಂದೆಯೋ, ಶಾಂತನಾಗಿ ಕುಳಿತಿರುತ್ತಾನೆ. ನೆತ್ತಿಯಲ್ಲಿ ಸೂರ್ಯಚಂದ್ರರು. ಅವರು ಇರುವ ತನಕ ಈ ನೆನಪೂ ಇರಲಿ ಎಂಬ ಸಂಕೇತ ಅದು.

ಈ ಕಲ್ಲನ್ನು ಓದಬೇಕಾದದ್ದು ಕೆಳಗಿನಿಂದ ಮೇಲಕ್ಕೆ. ಶಿಲ್ಪಿ ಕೆಳಗಿನ ಅಂತಸ್ತನ್ನು ಬಿಟ್ಟು ನೇರವಾಗಿ ಸ್ವರ್ಗವನ್ನು ಕೆತ್ತಲಿಲ್ಲ. ರಕ್ತವನ್ನು ಮರೆಮಾಡಲಿಲ್ಲ. ಮೊದಲು ನಡೆದದ್ದನ್ನು ನಡೆದಂತೆ ಹೇಳಿ, ಆಮೇಲೆ ಸಮಾಧಾನವನ್ನು ಹೇಳಿದ. ದುರಂತದ ಅನಂತರ ಹುಟ್ಟುವ ಸಾರ್ವಜನಿಕ ಕಲೆಗೆ ಇದು ಮೊದಲನೆಯ ಪಾಠವೆಂದು ನಾನು ಭಾವಿಸುತ್ತೇನೆ. ಸತ್ಯದ ಅಂತಸ್ತಿನ ಮೇಲೆ ನಿಲ್ಲದ ಭರವಸೆ ಬಹಳ ದಿನ ನಿಲ್ಲುವುದಿಲ್ಲ.

ಎರಡನೆಯ ಪಾಠ ಇನ್ನೂ ಮುಖ್ಯವಾದದ್ದು. ಕಲ್ಲು ನೆಟ್ಟ ಮಾತ್ರಕ್ಕೆ ಅಂದಿನವರ ಕರ್ತವ್ಯ ಮುಗಿಯುತ್ತಿರಲಿಲ್ಲ. ಸತ್ತವನ ಮನೆಯವರಿಗೆ ಭೂಮಿಯನ್ನು ಬಿಟ್ಟುಕೊಡುವ ಪದ್ಧತಿಯಿತ್ತು. ‘ನೆತ್ತರುಗೊಡಗೆ’ ಎಂದು ಅದನ್ನು ಕರೆಯುತ್ತಿದ್ದರು. ಎಷ್ಟೋ ಶಾಸನಗಳಲ್ಲಿ ವೀರನ ಸಾವು, ಅವನಿಗೆ ನಿಲ್ಲಿಸಿದ ಕಲ್ಲು, ಅವನ ಮನೆಗೆ ಕೊಟ್ಟ ಗದ್ದೆ ಒಂದೇ ಉಸಿರಿನಲ್ಲಿ ಬರುತ್ತವೆ. ಕಲ್ಲು ಗದ್ದೆಗೆ ಸಾಕ್ಷಿ. ಗದ್ದೆ ಕಲ್ಲಿಗೆ ಆಧಾರ. ಬರಿಯ ಗದ್ದೆ ಕೊಟ್ಟಿದ್ದರೆ ಅದು ಲೆಕ್ಕ ತೀರಿಸಿದಂತಾಗುತ್ತಿತ್ತು. ಬರಿಯ ಕಲ್ಲು ನೆಟ್ಟಿದ್ದರೆ ಅದು ಹೊಟ್ಟೆಗಿಲ್ಲದವನ ಜುಟ್ಟಿಗೆ ಮಲ್ಲಿಗೆ ಮುಡಿಸಿದಂತೆ ಆಗುತ್ತಿತ್ತು. ಎರಡೂ ಕೂಡಿದಾಗ ಮಾತ್ರ ಊರು ತನ್ನ ಋಣವನ್ನು ಒಪ್ಪಿಕೊಂಡಂತೆ. ಈ ಎರಡು ಪಾಠಗಳನ್ನು ಅಳತೆಗೋಲಾಗಿ ಹಿಡಿದುಕೊಂಡು ಈಗ ಶೃಂಗೇರಿಗೆ ಹೋಗೋಣ.

1791ನೆಯ ಇಸವಿ. ಮೂರನೆಯ ಮೈಸೂರು ಯುದ್ಧ ನಡೆಯುತ್ತಿದ್ದ ಕಾಲ. ಪರಶುರಾಮ ಭಾವೂ ಪಟವರ್ಧನನ ಮರಾಠಾ ಸೈನ್ಯದೊಡನೆ ಬಂದಿದ್ದ ಸುಲಿಗೆಕೋರ ದಂಡು ಶೃಂಗೇರಿಗೆ ನುಗ್ಗಿತು. ಮಠದ ಸಂಪತ್ತನ್ನು ಸೂರೆಮಾಡಿತು. ಅನೇಕರು ಪ್ರಾಣ ಕಳೆದುಕೊಂಡರು. ಶಾರದೆಯ ಮೂರ್ತಿಯನ್ನೇ ಪೀಠದಿಂದ ಕದಲಿಸಿತು. ಆಗ ಪೀಠದಲ್ಲಿದ್ದ ಶ್ರೀ ಸಚ್ಚಿದಾನಂದ ಭಾರತಿಗಳು ಘಟ್ಟವಿಳಿದು ಕಾರ್ಕಳದಲ್ಲಿ ತಂಗಬೇಕಾಯಿತು. ಅಲ್ಲಿಂದ ಅವರು ಟಿಪ್ಪೂ ಸುಲ್ತಾನನಿಗೆ ನಡೆದದ್ದನ್ನು ಬರೆದು ತಿಳಿಸಿದರು. ಮೂರ್ತಿಯ ಪುನಃಪ್ರತಿಷ್ಠೆಗೆ ನೆರವು ಕೋರಿದರು. ಸುಲ್ತಾನನು ಬಿದನೂರಿನ ಆಸಫನಿಗೆ ಆಜ್ಞೆ ಕಳುಹಿಸಿ 200 ರಹತಿ ನಗದನ್ನೂ ಬೇಕಾದ ಸಾಮಗ್ರಿಯನ್ನೂ ಒದಗಿಸಲು ಹೇಳಿದನು. ಈ ಪತ್ರಗಳು ಕನ್ನಡದಲ್ಲಿವೆ. ಅವನ್ನು 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಮಠದಲ್ಲಿ ಕಂಡು ಬೆಳಕಿಗೆ ತಂದರು. ಸುಲ್ತಾನನ ಈ ವರ್ತನೆಯಲ್ಲಿ ಭಕ್ತಿಯೆಷ್ಟು, ರಾಜನೀತಿಯೆಷ್ಟು ಎಂಬ ಚರ್ಚೆ ಇತಿಹಾಸಜ್ಞರಲ್ಲಿ ಉಂಟು. ಅದು ಇಂದಿನ ನನ್ನ ವಿಷಯವಲ್ಲ.

ನನ್ನ ಮನಸ್ಸನ್ನು ಸೆಳೆದದ್ದು ಬೇರೊಂದು ಸಂಗತಿ. ಊರು ಸುಲಿಗೆಯಾಗಿದೆ. ಕಣಜಗಳು ಬರಿದಾಗಿವೆ. ಆ ಹೊತ್ತಿನಲ್ಲಿ ಒಂದು ಮೂರ್ತಿಯನ್ನು ಮತ್ತೆ ಅದರ ನೆಲೆಯಲ್ಲಿ ನಿಲ್ಲಿಸುವುದು ಇಷ್ಟು ತುರ್ತಾದ ಕೆಲಸವಾಗಿ ಕಂಡದ್ದು ಏಕೆ? ಭಕ್ತರಿಗೆ ಉತ್ತರ ಸುಲಭ. ಭಕ್ತಿಯನ್ನು ಬದಿಗಿಟ್ಟು ನೋಡುವವನಿಗೂ ಒಂದು ಉತ್ತರವಿದೆ. ಚದುರಿಹೋದ ಜನ ಮತ್ತೆ ಒಂದೆಡೆ ಸೇರಬೇಕಾದರೆ ಸೇರುವುದಕ್ಕೆ ಒಂದು ನಡು ಬೇಕು. ಪುನಃಪ್ರತಿಷ್ಠೆಯೆಂದರೆ ಶಿಲ್ಪಿ ಬರಬೇಕು, ಬಡಗಿ ಬರಬೇಕು, ಹೂ ಕಟ್ಟುವವರು, ಅಡಿಗೆಯವರು, ವಾದ್ಯದವರು ಬರಬೇಕು. ಓಡಿಹೋಗಿದ್ದವರಿಗೆ ಹಿಂತಿರುಗಲು ಒಂದು ದಿನ ನಿಶ್ಚಯವಾಗುತ್ತದೆ. ‘ಇಂಥ ದಿನ ಪ್ರತಿಷ್ಠೆ’ ಎಂಬ ಸುದ್ದಿ, ‘ಇನ್ನು ಊರಿಗೆ ಬರಬಹುದು’ ಎಂಬ ಸುದ್ದಿಯೂ ಆಗುತ್ತದೆ. ನಾಶದ ದಿನವೊಂದೇ ಎಲ್ಲರ ನೆನಪಾಗಿದ್ದ ಊರಿಗೆ, ಎಲ್ಲರೂ ನೆನೆಯಬಹುದಾದ ಇನ್ನೊಂದು ದಿನ ದೊರೆಯುತ್ತದೆ.

ಶೃಂಗೇರಿ ಇಂಥ ಪರೀಕ್ಷೆಯನ್ನು ಮತ್ತೊಮ್ಮೆ ಎದುರಿಸಿತು. ಈಗ ನಾವು ಕಾಣುವ ಶಾರದೆಯ ಶಿಲಾಮಂದಿರ ಅಷ್ಟೇನೂ ಹಳೆಯದಲ್ಲ. ಮೊದಲಿದ್ದದ್ದು ಮಲೆನಾಡಿನ ರೀತಿಯ ಮರದ ಗೋಡೆ, ಹೆಂಚಿನ ಮಾಡಿನ ಗುಡಿ. ಅದು ಬೆಂಕಿಗೆ ಈಡಾದ ಮೇಲೆ ಕಲ್ಲಿನ ಗುಡಿಯ ಕೆಲಸ ಆರಂಭವಾಯಿತು. ಅದಕ್ಕೆ ಕೈಹಚ್ಚಿದ ಶ್ರೀ ಸಚ್ಚಿದಾನಂದ ಶಿವಾಭಿನವ ನೃಸಿಂಹ ಭಾರತಿಗಳು 1912ರಲ್ಲಿ ಕಾಲವಾದರು. ಕುಂಭಾಭಿಷೇಕ ನಡೆದದ್ದು ಅವರ ಶಿಷ್ಯರಾದ ಶ್ರೀ ಚಂದ್ರಶೇಖರ ಭಾರತಿಗಳ ಕಾಲದಲ್ಲಿ, 1916ರಲ್ಲಿ. ಹಳೆಯ ಊರಳಿವಿನ ಕಥೆ ಹೇಳುವ ಪತ್ರಗಳು ಹೊರಬಂದ ವರ್ಷವೂ ಅದೇ ಎಂಬುದನ್ನು ನೆನೆದಾಗ ನನಗೆ ಬೆರಗಾಗುತ್ತದೆ. ಒಂದು ದುರಂತದ ದಾಖಲೆಯೂ ಇನ್ನೊಂದು ದುರಂತದಿಂದ ಎದ್ದ ಕಲ್ಲಿನ ಕಟ್ಟಡವೂ ಒಂದೇ ವರ್ಷ ಬೆಳಕು ಕಂಡವು.

ಶೃಂಗೇರಿಯ ತುಂಗೆಯ ದಂಡೆಯಲ್ಲಿ ಇನ್ನೊಂದು ಶಿಲ್ಪವಿದೆ. ಅದು ದೊಡ್ಡದಲ್ಲ, ಕುಸುರಿ ಕೆಲಸದ್ದೂ ಅಲ್ಲ. ನಾವು ಅದನ್ನು ಕಪ್ಪೆ ಶಂಕರ ಎನ್ನುತ್ತೇವೆ. ಸುಡುಬಿಸಿಲಿನಲ್ಲಿ ಹೆರಿಗೆಯ ನೋವು ತಿನ್ನುತ್ತಿದ್ದ ಕಪ್ಪೆಗೆ ನಾಗರಹಾವೊಂದು ಹೆಡೆಯೆತ್ತಿ ನೆರಳು ಕೊಟ್ಟಿತಂತೆ. ಅದನ್ನು ಕಂಡು ಶಂಕರಾಚಾರ್ಯರು ಈ ಸ್ಥಳವನ್ನು ಆರಿಸಿಕೊಂಡರಂತೆ. ಆ ಐತಿಹ್ಯವನ್ನು ಕಲ್ಲಿನಲ್ಲಿ ನಿಲ್ಲಿಸಿದ ರೂಪ ಅದು. ಪ್ರವಾಸಿಗರು ಬಂದು ನೋಡಿ, ಕಥೆ ಕೇಳಿ ಹೋಗುತ್ತಾರೆ. ಆದರೆ ಊರಿನವರಿಗೆ ಆ ಕಲ್ಲಿನಿಂದ ಇನ್ನೊಂದು ಪ್ರಯೋಜನವುಂಟು. ಆಷಾಢ ಶ್ರಾವಣಗಳಲ್ಲಿ ಹೊಳೆ ಏರಿದಾಗ, ‘ಕಪ್ಪೆ ಶಂಕರ ಮುಳುಗಿತೆ?’ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ. ಮುಳುಗಿತು ಎಂದರೆ ತಗ್ಗಿನ ಅಂಗಡಿಯವರು ಸಾಮಾನು ಎತ್ತಿಡುವ ಹೊತ್ತು ಬಂತೆಂದು ಅರ್ಥ. ಎದ್ದಿತು ಎಂದರೆ ಮಳೆಯ ಹಿಡಿತ ಸಡಿಲಿತೆಂದು ಅರ್ಥ. ಪ್ರತಿವರ್ಷ ಎಂಬಂತೆ ನೀರಿನಡಿಗೆ ಹೋಗಿ, ಮೈಗೆಲ್ಲ ಕೆಸರು ಮೆತ್ತಿಕೊಂಡು ಮತ್ತೆ ಮೇಲೇಳುವ ಶಿಲ್ಪ ಅದು. ಹಗೆಯೇ ಹಗೆಗೆ ನೆರಳಾದ ಕಥೆಗೂ, ಮುಳುಗಿ ಎದ್ದುಬರುವ ಈ ಕಲ್ಲಿಗೂ ಯಾರೂ ಬೇಕೆಂದು ಸಂಬಂಧ ಕಲ್ಪಿಸಲಿಲ್ಲ. ಹೊಳೆಯೇ ಆ ಸಂಬಂಧವನ್ನು ಕಲ್ಪಿಸಿತು. ಸಾರ್ವಜನಿಕ ಕಲೆ ದಿನದ ಬದುಕಿನಲ್ಲಿ ಬೆರೆತುಹೋಗುವುದು ಹೀಗೆ.

ಕಲೆ ಎಂದರೆ ಕಲ್ಲೇ ಆಗಬೇಕೆಂದಿಲ್ಲ. ಕೊಪ್ಪದ ಕಡೆಯ ಹಳ್ಳಿಗಳಲ್ಲಿ ಮನೆಗೆ ಕಷ್ಟ ಬಂದಾಗ ‘ಒಂದು ಆಟ ಆಡಿಸುತ್ತೇನೆ’ ಎಂದು ಹರಕೆ ಹೊರುವ ವಾಡಿಕೆ ಇಂದಿಗೂ ಉಂಟು. ಆಟ ಎಂದರೆ ಯಕ್ಷಗಾನ ಬಯಲಾಟ. ಮಂದಾರ್ತಿಯಂಥ ಮೇಳಗಳ ಹರಕೆಯ ಆಟಕ್ಕೆ ಸರದಿ ಬರಲು ವರ್ಷಗಟ್ಟಲೆ ಕಾಯುವವರಿದ್ದಾರೆ. ಮಳೆಗಾಲದಲ್ಲಿ ಮೇಳಗಳಿಗೆ ತಿರುಗಾಟವಿಲ್ಲ. ಮಳೆ ಹಿಂದೆಗೆದು ಬಯಲು ಒಣಗಿದ ಮೇಲೆಯೇ ಚೌಕಿ ಕಟ್ಟುವುದು, ಚೆಂಡೆ ಕೇಳುವುದು. ಹಾಗಾಗಿ ಮಲೆನಾಡಿಗನ ಕಿವಿಗೆ ಚೆಂಡೆಯ ದನಿ ‘ಈ ವರ್ಷದ ಮಳೆಯನ್ನು ದಾಟಿದೆವು’ ಎಂಬ ದನಿಯೂ ಹೌದು.

ಹರಕೆ ಹೊತ್ತವನ ಕಷ್ಟ ಅವನೊಬ್ಬನದು. ಆದರೆ ಆಟ ಅವನೊಬ್ಬನದಲ್ಲ. ಖರ್ಚು ಅವನದಾದರೂ ನೋಡಲು ಬರುವವರಿಗೆ ಟಿಕೆಟ್ಟಿಲ್ಲ, ಕರೆಯೋಲೆ ಬೇಕಿಲ್ಲ. ರಂಗದ ಮೇಲೆ ನಡೆಯುವುದೂ ಅವನ ಕಥೆಯಲ್ಲ. ದೇವಿ ಮಹಿಷನನ್ನು ಕೊಂದ ಕಥೆಯೋ, ಪಾಂಡವರು ವನವಾಸ ಮುಗಿಸಿದ ಕಥೆಯೋ ಇರಬಹುದು. ತನ್ನ ಸಂಕಟದ ಹೆಸರನ್ನೇ ಎತ್ತದ ಕಥೆಯನ್ನು ಊರವರ ನಡುವೆ ಕುಳಿತು ಬೆಳಗಿನ ತನಕ ನೋಡಿ, ಮಂಗಳ ಹಾಡಿದ ಮೇಲೆ ಮಂಜಿನಲ್ಲಿ ಮನೆಗೆ ನಡೆದುಹೋಗುವವನ ಹೆಗಲಿನಿಂದ ಯಾವುದೋ ಭಾರ ಇಳಿದಿರುತ್ತದೆ. ನೆರವಿನ ಹಣವನ್ನು ಒಬ್ಬೊಬ್ಬರೇ ಸಾಲಿನಲ್ಲಿ ನಿಂತು ಪಡೆಯಬಹುದು. ಧೈರ್ಯವನ್ನು ಹಾಗೆ ಒಬ್ಬೊಬ್ಬರೇ ಪಡೆಯಲು ಬರುವುದಿಲ್ಲ.

ಇನ್ನು ನರಸಿಂಹರಾಜಪುರ. ಎಡೇಹಳ್ಳಿಯಾಗಿದ್ದ ಊರು ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಭೇಟಿಯ ನೆನಪಿಗೆ 1915ರಲ್ಲಿ ಈ ಹೆಸರನ್ನು ಪಡೆಯಿತು. ಇಲ್ಲಿಯ ಸಿಂಹನಗದ್ದೆಯ ಬಸದಿಯಲ್ಲಿ ಜ್ವಾಲಾಮಾಲಿನಿ ದೇವಿಯ ಸನ್ನಿಧಿಯಿದೆ. ಆ ಮೂರ್ತಿ ಗೇರುಸೊಪ್ಪೆಯಿಂದ ಬಂದದ್ದೆಂದು ಜೈನ ಪರಂಪರೆ ಹೇಳುತ್ತದೆ. ಒಂದು ಕಾಲದಲ್ಲಿ ಮೆರೆದ ಗೇರುಸೊಪ್ಪೆ ಪಾಳುಬಿದ್ದು ಕಾಡಿನ ಪಾಲಾಯಿತು. ದೇವಿ ಘಟ್ಟ ಹತ್ತಿ ಇಲ್ಲಿಗೆ ಬಂದು ನೆಲೆಯಾದಳು. ಊರು ಕಳೆದುಕೊಂಡವರು ಹೊಸ ನೆಲಕ್ಕೆ ಬಂದಾಗ ಜೊತೆಯಲ್ಲಿ ಹೊತ್ತುತರುವುದು ಯಾವುದನ್ನು ಎಂಬುದಕ್ಕೆ ಇದೊಂದು ನಿದರ್ಶನ.

ಆ ನಿದರ್ಶನ ನನಗೆ ಪುಸ್ತಕದಿಂದ ತಿಳಿದದ್ದಲ್ಲ. ನನ್ನ ತಾಯಿಯ ತವರು ಭದ್ರೆಯ ದಂಡೆಯಲ್ಲಿತ್ತು. ತುಂಗೆ, ಭದ್ರೆ ಎರಡೂ ಗಂಗಾಮೂಲದಲ್ಲಿ ಹುಟ್ಟಿ, ಬೇರೆ ಬೇರೆಯಾಗಿ ಹರಿದು ಕೂಡಲಿಯಲ್ಲಿ ಸೇರುತ್ತವೆ. ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟು ಕಟ್ಟುವ ಕೆಲಸ 1947ರಲ್ಲಿ ತೊಡಗಿ 1965ರಲ್ಲಿ ಮುಗಿಯಿತು. 71 ಟಿ.ಎಂ.ಸಿ.ಗೂ ಮಿಕ್ಕಿದ ನೀರು ನಿಲ್ಲುವ ಆ ಜಲಾಶಯದಿಂದ ಶಿವಮೊಗ್ಗ, ದಾವಣಗೆರೆ ಸೀಮೆಯ ಬಯಲು ಹಸಿರಾಯಿತು. ಆ ಹಸಿರನ್ನು ನಾನು ಅಲ್ಲಗಳೆಯಲಾರೆ. ಆ ಅನ್ನವನ್ನು ನಾವೂ ಉಂಡಿದ್ದೇವೆ. ಆದರೆ ಹಿನ್ನೀರು ನಿಂತದ್ದು ನರಸಿಂಹರಾಜಪುರ ಸೀಮೆಯ ಗದ್ದೆ ತೋಟಗಳ ಮೇಲೆ. ನನ್ನ ಅಜ್ಜನಿಗೆ ಪರಿಹಾರದ ಹಣ ಬಂದಿತ್ತು. ಬೇರೆಡೆ ಜಮೀನೂ ಆಯಿತು. ಗಾಡಿಗೆ ಸಾಮಾನು ಹೇರುವಾಗ ಅಜ್ಜಿ ಬೇರೇನನ್ನೂ ಕೇಳಲಿಲ್ಲವಂತೆ. ತುಳಸಿಕಟ್ಟೆಯ ದೀಪದ ಗೂಡಿದ್ದ ಕಲ್ಲೊಂದನ್ನು ಕೀಳಿಸಿ ಗಾಡಿಯಲ್ಲಿ ಇಡಿಸಿದಳಂತೆ. ಅದರ ಮೇಲೆ ಎರಡು ಹಂಸಗಳ ಒರಟು ಕೆತ್ತನೆಯಿತ್ತು. ಹೊಸ ಮನೆಯ ಅಂಗಳದಲ್ಲಿ ನಾನು ಕಂಡದ್ದು ಆ ಕಲ್ಲನ್ನೇ.

ಬೇಸಗೆಯಲ್ಲಿ ಜಲಾಶಯ ಇಳಿದಾಗ ತಾಯಿ ಒಮ್ಮೊಮ್ಮೆ ದಂಡೆಗೆ ಕರೆದುಕೊಂಡು ಹೋಗೆನ್ನುತ್ತಿದ್ದಳು. ಬಿರುಕುಬಿಟ್ಟ ಕೆಸರಿನ ಕಡೆಗೆ ಕೈತೋರಿಸಿ, ಇಲ್ಲಿ ಕೊಟ್ಟಿಗೆ, ಇಲ್ಲಿ ಬಾವಿ, ಇಲ್ಲಿ ಶಾಲೆಗೆ ಹೋಗುವ ದಾರಿ ಎನ್ನುತ್ತಿದ್ದಳು. ನನಗೆ ಕಾಣುತ್ತಿದ್ದದ್ದು ಕೆಸರು ಮಾತ್ರ. ಒಂದು ಸಲ ಕೇಳಿದಳು: ‘ನಾನು ಹೋದ ಮೇಲೆ ಇಲ್ಲೊಂದು ಊರಿತ್ತು ಅಂತ ಯಾರಿಗಾದರೂ ಗೊತ್ತಾಗೋದು ಹೇಗೆ?’ ನಾನು ಉತ್ತರ ಕೊಡಲಿಲ್ಲ. ಆಕೆ ಈಗಿಲ್ಲ. ಮುಳುಗಿದ ಊರುಗಳ ಹೆಸರನ್ನೆಲ್ಲ ಒಟ್ಟಿಗೆ ಹೊತ್ತು ನಿಂತ ಕಲ್ಲೊಂದನ್ನು ಆ ದಂಡೆಯಲ್ಲಿ ನಾನು ಈವರೆಗೆ ಕಂಡಿಲ್ಲ. ನೆತ್ತರುಗೊಡಗೆಯ ಕಾಲದವರ ಮಾತಿನಲ್ಲಿ ಹೇಳುವುದಾದರೆ, ಗದ್ದೆ ಸಿಕ್ಕಿತು, ಕಲ್ಲು ಸಿಗಲಿಲ್ಲ.

ಇದಕ್ಕೆ ವಿರುದ್ಧವಾದ ಸ್ಥಿತಿಯೂ ಲೋಕದಲ್ಲುಂಟು. ಭೋಪಾಲದಲ್ಲಿ 1984ರ ಡಿಸೆಂಬರಿನ ಒಂದು ರಾತ್ರಿ ವಿಷಾನಿಲಕ್ಕೆ ಸಾವಿರಾರು ಜನ ಬಲಿಯಾದರು. ಮರುವರ್ಷವೇ ಆ ಕಾರ್ಖಾನೆಯ ಎದುರಿಗೆ ರೂತ್ ವಾಟರ್‌ಮನ್ ಎಂಬ ಡಚ್ ಶಿಲ್ಪಿಯ ಕೃತಿಯೊಂದು ನಿಂತಿತು. ಮಗುವನ್ನು ಎತ್ತಿಕೊಂಡು, ಒಂದು ಕೈಯಿಂದ ಮುಖ ಮುಚ್ಚಿಕೊಂಡ ತಾಯಿ. ಆಕೆಯ ಸೆರಗು ಹಿಡಿದ ಇನ್ನೊಂದು ಮಗು. ಆ ಶಿಲ್ಪ ಯಾವ ಸ್ವರ್ಗವನ್ನೂ ತೋರಿಸುವುದಿಲ್ಲ. ವೀರಗಲ್ಲಿನ ಕೆಳಗಿನ ಅಂತಸ್ತು ಮಾತ್ರ ಅಲ್ಲಿದೆ. ಏಕೆಂದರೆ ಬದುಕಿ ಉಳಿದವರ ನ್ಯಾಯದ ಹೋರಾಟ ಮುಂದೆ ದಶಕಗಳ ಕಾಲ ಎಳೆಯಿತು. ಕಲ್ಲು ಬಂತು, ಗದ್ದೆ ಬರಲಿಲ್ಲ. ಆದರೂ ಆ ತಾಯಿ ಅಲ್ಲಿ ನಿಂತಿರುವವರೆಗೆ, ಏನೂ ನಡೆದೇ ಇಲ್ಲವೆಂಬಂತೆ ಯಾರೂ ಆ ಗೇಟಿನ ಮುಂದೆ ಹಾದುಹೋಗುವಂತಿಲ್ಲ. ಭರವಸೆಗೆ ಇಷ್ಟಾದರೂ ತಳಹದಿ ಬೇಕು.

ಹಿರೋಷಿಮಾದ ಮಕ್ಕಳ ಸ್ಮಾರಕ ಇನ್ನೊಂದು ಬಗೆಯದು. ಅಣುಬಾಂಬು ಬಿದ್ದಾಗ ಎರಡು ವರ್ಷದ ಕೂಸಾಗಿದ್ದ ಸಡಾಕೊ ಸಸಾಕಿ ಎಂಬ ಬಾಲಕಿ 1955ರಲ್ಲಿ, ತನ್ನ 12ನೆಯ ವಯಸ್ಸಿನಲ್ಲಿ, ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಳು. ರೋಗಶಯ್ಯೆಯಲ್ಲಿ ಅವಳು ಕಾಗದದ ಕೊಕ್ಕರೆಗಳನ್ನು ಮಡಿಸುತ್ತಿದ್ದಳು. ಅವಳ ಸಹಪಾಠಿಗಳು ಒಂದು ಸ್ಮಾರಕ ಬೇಕೆಂದು ಹೊರಟರು. ಜಪಾನಿನ ಸಾವಿರಾರು ಶಾಲೆಗಳ ಮಕ್ಕಳು ಹಣ ಕೂಡಿಸಿದರು. 1958ರಲ್ಲಿ ಅದು ನಿಂತಿತು. ತಲೆಯ ಮೇಲೆ ಕೊಕ್ಕರೆಯನ್ನು ಎತ್ತಿಹಿಡಿದ ಹುಡುಗಿಯ ಕಂಚಿನ ಪ್ರತಿಮೆ ಅದರ ನೆತ್ತಿಯಲ್ಲಿದೆ. ಇಂದಿಗೂ ಲೋಕದ ಎಲ್ಲ ಕಡೆಗಳಿಂದ ಮಕ್ಕಳು ಕೊಕ್ಕರೆಗಳನ್ನು ಮಡಿಸಿ ಕಳುಹಿಸುತ್ತಾರೆ. ಕಂಚು ಶಿಲ್ಪಿಯದು, ಆದರೆ ಕಲೆ ಮುಗಿದುಹೋಗದಂತೆ ನೋಡಿಕೊಂಡಿರುವುದು ಆ ಕಾಗದ. ಕೈಬೆರಳು ಮಡಿಸಲು ಬಲ್ಲವರೆಲ್ಲ ಅದರಲ್ಲಿ ಪಾಲುದಾರರು. ನನ್ನ ಅಜ್ಜಿ ಹೆಸರಿಲ್ಲದ ಕಲ್ಲಿನ ಮೇಲಿಟ್ಟ ದಾಸವಾಳಕ್ಕೂ ಈ ಕೊಕ್ಕರೆಗೂ ಹೆಚ್ಚಿನ ಅಂತರವಿಲ್ಲ.

ಶ್ರೋತೃಗಳೇ, ಇಷ್ಟು ಉದಾಹರಣೆಗಳಿಂದ ಏನು ಹೊರಡುತ್ತದೆ? ವಿಪತ್ತಿನ ಅನಂತರ ಕಲೆ ಸಾಂತ್ವನವಾಗಬೇಕಾದರೆ ಮೊದಲು ಅದು ಸುಳ್ಳು ಹೇಳಬಾರದು. ನೊಂದವರ ಕೈ ಅದರಲ್ಲಿ ಎಲ್ಲಾದರೂ ಸೇರಿರಬೇಕು. ಹೊರಗಿನಿಂದ ತಂದಿರಿಸಿದ ವಿಗ್ರಹ ಎಷ್ಟು ಅಂದವಾಗಿದ್ದರೂ ಉದ್ಘಾಟನೆಯ ಹಾರ ಬಾಡುವುದರೊಳಗೆ ಅನಾಥವಾಗುತ್ತದೆ. ಜನ ದಿನವೂ ಓಡಾಡುವ ಕಡೆ ಅದು ಇರಬೇಕು. ಮತ್ತು ಅನ್ನಕ್ಕೆ, ನೆಲಕ್ಕೆ ಬದಲಾಗಿ ಅದು ಬರಕೂಡದು; ಅವುಗಳ ಜೊತೆಗೆ ಬರಬೇಕು.

ಈ ಮಾತಿಗೆ ಈಗ ಒಂದು ಜರೂರು ಒದಗಿದೆ. 2019ರ ಆಗಸ್ಟಿನ ಮಳೆಯಲ್ಲಿ ನಮ್ಮ ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಜರಿದು ಮನೆ ತೋಟಗಳು ಹೋದವು. ಅದಕ್ಕೆ ಒಂದು ವರ್ಷ ಮೊದಲು ಕೊಡಗಿನಲ್ಲಿ ಹಾಗೆಯೇ ಆಗಿತ್ತು. ಕೊಪ್ಪ, ಶೃಂಗೇರಿಗಳ ನಾವು ಪ್ರತಿ ಮಳೆಗಾಲದಲ್ಲಿ ಈಗ ಮನೆಯ ಹಿಂದಿನ ಧರೆಯನ್ನು ತಲೆಯೆತ್ತಿ ನೋಡಿಕೊಂಡು ಮಲಗುತ್ತೇವೆ. ಇಂಥ ಕಾಲದಲ್ಲಿ ನೆನಪಿನ ಕಲ್ಲು ಸತ್ತವರಿಗೆ ಸಲ್ಲಿಸುವ ಗೌರವ ಮಾತ್ರವಲ್ಲ. ಇಲ್ಲಿ ಹಿಂದೊಮ್ಮೆ ಗುಡ್ಡ ಜರಿದಿತ್ತು, ಇಲ್ಲಿಯ ತನಕ ಹೊಳೆ ಬಂದಿತ್ತು ಎಂದು ಹುಟ್ಟಲಿರುವವರಿಗೆ ತಿಳಿಸುವ ಎಚ್ಚರಿಕೆಯೂ ಹೌದು. ಕಪ್ಪೆ ಶಂಕರ ಶೃಂಗೇರಿಗೆ ಈ ಉಪಕಾರವನ್ನು ಸದ್ದಿಲ್ಲದೆ ಮಾಡುತ್ತಿದೆ.

ಭದ್ರೆಯ ಹಿನ್ನೀರಿನ ದಂಡೆಯಲ್ಲಿ, ನೀರು ಎಂದೂ ಮುಟ್ಟದ ಎತ್ತರದಲ್ಲಿ ಒಂದು ಕಲ್ಲು ನಿಲ್ಲಬೇಕೆಂಬುದು ನನ್ನ ಆಸೆ. ಅದರಲ್ಲಿ ಮುಳುಗಿದ ಊರುಗಳ ಹೆಸರುಗಳು, ಅವರವರ ಬಾಯಲ್ಲಿದ್ದಂತೆಯೇ, ಇರಲಿ. ನೀರು ಕುಡಿದ ಬಯಲುಸೀಮೆಯವರೂ ಆ ಕಲ್ಲಿಗೆ ಒಂದು ಕೈ ಹಚ್ಚಲಿ. ಹಂಸಗಳ ಆ ತುಳಸಿಕಟ್ಟೆಯ ಕಲ್ಲನ್ನು ಅದರ ಬುಡಕ್ಕೆ ಕೊಡಲು ನಾನು ಸಿದ್ಧನಿದ್ದೇನೆ. ತಾಯಿಗೆ ಅಂದು ಕೊಡಲಾರದ ಉತ್ತರ ಅದಕ್ಕಿಂತ ಬೇರೆ ನನ್ನಲ್ಲಿಲ್ಲ.